ಮೂರು ಗೀಟಿನ ಹಲಗೆ

ನಮ್ಮ ಅಡುಗೆಮನೆಯಲ್ಲಿ ಅಕ್ಕಿಡಬ್ಬದ ಅಡಿಗೆ ಒಂದು ಹಲಗೆ ಇದೆ. ಕೂರುವ ಮಣೆಯೆನ್ನಲು ಉದ್ದ ಹೆಚ್ಚಾಯಿತು, ಬೆಂಚೆನ್ನಲು ಗಿಡ್ಡವಾಯಿತು. ನಾಲ್ಕು ಬೆರಳು ದಪ್ಪದ, ಒಂದು ಮಗ್ಗುಲು ಸವೆದ, ಎಷ್ಟು ಉಜ್ಜಿದರೂ ಕಪ್ಪು ಬಿಡದ ಹೆಬ್ಬಲಸಿನ ತುಂಡು. ಅಂಚಿನಲ್ಲಿ ಕತ್ತಿಯಿಂದ ಕೊರೆದ ಮೂರು ಗೀಟುಗಳಿವೆ. ಮಳೆಗಾಲಕ್ಕೆ ಇನ್ನೂ ಹದಿನೈದು ದಿನವಿದೆ ಎನ್ನುವಾಗಲೇ ಈ ಹಲಗೆ ಬೆವರತೊಡಗುತ್ತದೆ. ಕೊಚ್ಚಿಯ ವೈಟ್ಟಿಲದ ನಮ್ಮ ಐದನೆಯ ಮಹಡಿಯ ಫ್ಲಾಟಿನಲ್ಲಿ ಗೋಡೆ ಒಣಗಿರುತ್ತದೆ, ನೆಲ ಒಣಗಿರುತ್ತದೆ, ಬಚ್ಚಲು ಕೂಡ ಒಣಗಿರುತ್ತದೆ. ಇದೊಂದು ಮಾತ್ರ ಮೈತುಂಬ ಹನಿ ಹೊತ್ತುಕೊಂಡು, ಟೈಲ್ಸಿನ ಮೇಲೆ ತನ್ನದೇ ಅಳತೆಯ ಒದ್ದೆಯೊಂದನ್ನು ಮೂಡಿಸಿಕೊಂಡು ಸುಮ್ಮನೆ ಕುಳಿತಿರುತ್ತದೆ. ನಾನು ಬಟ್ಟೆ ತಂದು ಒರೆಸುತ್ತೇನೆ. ಮರುದಿನ ಮತ್ತೆ ಒರೆಸುತ್ತೇನೆ.

"ಇದೆಂತ ಅವಸ್ಥೆ ಮಾರಾಯ್ತಿ, ಪುನಃ ಒದ್ದೆ ಆಯ್ತಲ್ಲ! ಅಕ್ಕಿಗೆ ಹುಳ ಬಂದೀತು" ಎಂದು ನನ್ನ ಯಜಮಾನರು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಾರೆ. ಮಗಳು ಬಂದಾಗ ಅದನ್ನು ಕಾಲಿನಿಂದ ತಳ್ಳಿ ನೋಡಿ, "ಅಮ್ಮೇ, ಇದು ಕಳಞ್ಞೂಡೇ?" ಎನ್ನುತ್ತಾಳೆ. ಬಿಸಾಡಬಾರದೇ ಎಂದು ಅದರ ಅರ್ಥ. ನಾನು ಕನ್ನಡದಲ್ಲಿ ಮಾತಾಡಿಸಿದರೆ ಅವಳು ಮಲಯಾಳದಲ್ಲಿ ಉತ್ತರಿಸುವುದು ಅವಳಿಗೆ ಮಾತು ಬಂದಂದಿನಿಂದ ನಡೆದುಬಂದ ರೂಢಿ. ಬಿಸಾಡಲು ನನಗೆ ಅಡ್ಡಿಯೇನೂ ಇಲ್ಲ, ಸ್ನೇಹಿತರೇ. ಆದರೆ ಎಲ್ಲಿಗೆ ಎಂದು ತಿಳಿಯುವುದಿಲ್ಲ. ಅದು ಇದ್ದ ಜಾಗ ಈಗ ಇಲ್ಲ. ಆ ಜಾಗವನ್ನು ಇಲ್ಲವಾಗಿಸಿದವಳು ನಾನು, ಅದೂ ಉಳಿಸಲು ಹೋಗಿ.

ನಾನು ಕಾಸರಗೋಡಿನ ಕಡೆಯವಳು. ತಿರುವನಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿ, ಯಾವುದೆಂದು ಕೇಳಬೇಡಿ, ಎಲ್ಲ ಕಚೇರಿಗಳೂ ಒಳಗಿನಿಂದ ಒಂದೇ ಥರ ಇರುತ್ತವೆ, ನನ್ನ ಆಯುಷ್ಯದ ಒಳ್ಳೆಯ ಪಾಲನ್ನು ವಾಕ್ಯಗಳನ್ನು ಬಿಗಿಮಾಡುವುದರಲ್ಲಿ ಕಳೆದೆ. ಯಜಮಾನರ ಬ್ಯಾಂಕು ಕೊಚ್ಚಿಯಲ್ಲಿ, ನನ್ನ ಕುರ್ಚಿ ತಿರುವನಂತಪುರದಲ್ಲಿ. ವಾರವಿಡೀ ಅಲ್ಲಿ, ಶನಿವಾರ ಭಾನುವಾರ ಇಲ್ಲಿ, ನಡುವೆ ರೈಲು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಿರುವನಂತಪುರದ ಚಾಲೈ ಬೀದಿಯ ಪಾತ್ರೆಯಂಗಡಿಯಲ್ಲಿ ಕೊಂಡ ಅಲ್ಯೂಮಿನಿಯಂ ಡಬ್ಬವೇ ಈಗ ಹಲಗೆಯ ಮೇಲಿರುವುದು. ಬೇರೆಯವರು ಬರೆದು ತಂದ ಕರಾರು, ಆದೇಶ, ನಿಯಮಗಳಲ್ಲಿ ಎಲ್ಲಿ ಸಂದಿದೆ, ಯಾವ ಸಂದಿಯಿಂದ ಯಾವ ಕಳ್ಳ ನುಗ್ಗಿಯಾನು ಎಂದು ಹುಡುಕಿ ಮುಚ್ಚುವುದು ನನ್ನ ಕೆಲಸ. ಈ ಕೆಲಸ ಮಾಡುತ್ತ ಮಾಡುತ್ತ ಮನುಷ್ಯನಿಗೆ ಒಂದು ಬಗೆಯ ಅಹಂಕಾರ ಬರುತ್ತದೆ. ನಾನು ಮುಚ್ಚಿದ್ದನ್ನು ಇನ್ನೊಬ್ಬರು ತೆರೆದದ್ದಿಲ್ಲವೆಂದು ನನಗೂ ಹೆಮ್ಮೆಯಿತ್ತು. ಬೀಳ್ಕೊಡುಗೆಯ ದಿನ ಅದನ್ನೇ ಹೇಳಿ ನನಗೊಂದು ಶಾಲು ಹೊದಿಸಿದರು.

ಈಗ ಗದ್ದೆಯ ವಿಷಯಕ್ಕೆ ಬರುತ್ತೇನೆ. ಕೊಚ್ಚಿಯಿಂದ ದಕ್ಷಿಣಕ್ಕೆ, ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಸಿಕ್ಕಿಕೊಂಡಿರುವ ಒಂದು ಊರು. ಅಲ್ಲಿ ಪೊಕ್ಕಾಳಿಯೆಂಬ ಬತ್ತ ಬೆಳೆಯುತ್ತಿದ್ದರು. ಉಪ್ಪುನೀರಿನ ಗದ್ದೆ ಅದು. ಉತ್ತರ ಕನ್ನಡದ ಗಜನಿಗಳನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಮಳೆ ಬೀಳುವ ಮೊದಲು ಕೆಸರನ್ನು ಗುಪ್ಪೆಗುಪ್ಪೆಯಾಗಿ ಎತ್ತಿ ಒಡ್ಡುತ್ತಾರೆ. ಮಳೆನೀರು ಆ ಗುಪ್ಪೆಗಳ ಉಪ್ಪನ್ನು ತೊಳೆದು ಕೆಳಗಿಳಿಸುತ್ತದೆ. ತೊಳೆದ ನೀರನ್ನು ತೂಬಿನಿಂದ ಹೊರಗೆ ಬಿಡುತ್ತಾರೆ. ಆಮೇಲೆ ಮೊಳಕೆ ಬರಿಸಿದ ಬೀಜವನ್ನು ಗುಪ್ಪೆಯ ತಲೆಗೆ ಬಿತ್ತುತ್ತಾರೆ. ಆಳೆತ್ತರ ಬೆಳೆಯುವ ಪೈರಿನ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೆ ಬಿಡುತ್ತಾರೆ. ಆ ಹುಲ್ಲು ಕೊಳೆತು ಸಿಗಡಿಗೆ ಆಹಾರ. ಸಿಗಡಿಯ ಕಸ ಮುಂದಿನ ಬತ್ತಕ್ಕೆ ಗೊಬ್ಬರ. ಅರ್ಧ ವರ್ಷ ಬತ್ತ, ಅರ್ಧ ವರ್ಷ ಸಿಗಡಿ, ನಡುವೆ ಒಂದು ತೂಬು. ಆ ತೂಬಿಗೆ ಒಬ್ಬ ಕಾವಲುಗಾರ.

ಅವರ ಹೆಸರು ತಂಕಪ್ಪನ್. ಊರವರಿಗೆಲ್ಲ ತಂಕಪ್ಪನ್ ಚೇಟ್ಟನ್, ಅಂದರೆ ತಂಕಪ್ಪಣ್ಣ. ತೂಬಿನ ಎರಡು ಬದಿಯ ಕಲ್ಲಿನ ಸೀಳುಗಳಲ್ಲಿ ಹಲಗೆಯ ಮೇಲೆ ಹಲಗೆ ಇಳಿಸಿ ನೀರು ತಡೆಯುವುದು, ಉಬ್ಬರ ಇಳಿತ ನೋಡಿ ಒಂದೊಂದನ್ನೇ ಎತ್ತುವುದು ಅವರ ಕಸುಬು, ಅವರ ಅಪ್ಪನ ಕಸುಬು. ಯಾವ ಹಲಗೆ ಎಷ್ಟನೆಯದೆಂದು ತಪ್ಪದಿರಲು ಅಂಚಿನಲ್ಲಿ ಗೀಟು ಹಾಕುತ್ತಿದ್ದರು. ನನ್ನ ಅಡುಗೆಮನೆಯದು ಕೆಳಗಿನಿಂದ ಮೂರನೆಯದು.

ಆ ಗದ್ದೆ ಒಬ್ಬರದಲ್ಲ, ಹಲವು ಮನೆತನಗಳದು. ಅವರೆಲ್ಲ ಊರು ಬಿಟ್ಟು ಬಹಳ ಕಾಲವಾಗಿತ್ತು, ಬಿತ್ತಿ ಕೊಯ್ಯುತ್ತಿದ್ದದ್ದು ತಂಕಪ್ಪಣ್ಣನಂಥ ಊರವರೇ. ಕೊನೆಗೊಮ್ಮೆ ಕೆಂಪುಮಣ್ಣು ತುಂಬಿಸಿ ವಿಲ್ಲಾ ಕಟ್ಟುವವರು ಬಂದರು. ಅಷ್ಟರವರೆಗೆ ಸುಮ್ಮನಿದ್ದ ಊರು ಆಗ ಎದ್ದಿತು. ಎಬ್ಬಿಸಿದ್ದು ಫಿಲೋಮಿನ ಚೇಚ್ಚಿ, ಅಂದರೆ ಫಿಲೋಮಿನಕ್ಕ, ಮೀನು ಮಾರುವ ಹೆಂಗಸು, ಆಗ ವಾರ್ಡಿನ ಪಂಚಾಯತ್ ಸದಸ್ಯೆ. ಗದ್ದೆಯನ್ನು ಊರೇ ಕೊಂಡುಕೊಳ್ಳಲಿ, ಸಾರ್ವಜನಿಕ ಹಣದಿಂದ ಕೊಳ್ಳಲಿ, ಎಂದೆಂದಿಗೂ ಬಯಲಾಗಿಯೇ ಇರಲಿ ಎಂದು ಆಕೆ ಗ್ರಾಮಸಭೆಯಲ್ಲಿ ಹೇಳಿದಾಗ ಮೊದಲು ನಗೆ ಎದ್ದಿತಂತೆ. ಆಮೇಲೆ ಆ ಊರು ಒಂದು ಕೆಲಸ ಮಾಡಿತು. ಊರಿಗೊಂದು ಸಮುದಾಯ ಭವನ ಮಂಜೂರಾಗಿತ್ತು. ಅದನ್ನು ಬೇಡವೆಂದು ಬರೆದುಕೊಟ್ಟು ಆ ಹಣವನ್ನು ಗದ್ದೆಗೆ ತಿರುಗಿಸಲು ಹೇಳಿದರು. ಸರ್ಕಾರ ತನ್ನ ಪಾಲು ಸೇರಿಸಿತು. ಇಂದಿಗೂ ಅಲ್ಲಿ ಮದುವೆಗಳು ನಡೆಯುವುದು ರಸ್ತೆಬದಿಯಲ್ಲಿ ಕಟ್ಟಿದ ಟಾರ್ಪಾಲಿನ ಕೆಳಗೆ. ಮಳೆ ಬಂದರೆ ಎಲೆಗೆ ಬಡಿಸಿದ ಸಾಂಬಾರಿಗೆ ನೀರು ಸೇರುತ್ತದೆ. ಭವನಕ್ಕಿಂತ ಬಯಲು ದೊಡ್ಡದೆಂದು ನಂಬಿದ ಜನ ಅವರು.

ಹೀಗೆ ಕೊಂಡ ಗದ್ದೆಯನ್ನು ಇನ್ನು ಮುಂದೆ ಯಾರೂ ಮುಟ್ಟದ ಹಾಗೆ ಆದೇಶವೊಂದನ್ನು ಬರೆಯಬೇಕಿತ್ತು. ಕಡತ ನನ್ನ ಮೇಜಿಗೆ ಬಂತು. ನಿವೃತ್ತಿಗೆ ಕೆಲವೇ ತಿಂಗಳುಗಳಿದ್ದವು. ಒಂದು ಒಳ್ಳೆಯ ಕೆಲಸ ಮಾಡಿ ಎದ್ದುಹೋಗೋಣವೆಂಬ ಆಸೆ. ಸ್ಥಳ ನೋಡಲೆಂದು ಒಂದು ನವೆಂಬರಿನಲ್ಲಿ ಹೋದೆ. ಕೊಯ್ಲು ಮುಗಿದಿತ್ತು. ದಿಗಂತದವರೆಗೆ ನಿಂತ ನೀರು, ನೀರಿನಲ್ಲಿ ಒಣಹುಲ್ಲು, ಹುಲ್ಲಿನ ನಡುವೆ ಸಾವಿರಾರು ಕೊಕ್ಕರೆ. ಆ ನಿಶ್ಶಬ್ದದಲ್ಲಿ ಮನುಷ್ಯರೆಂದು ಇದ್ದದ್ದು ತೂಬಿನ ಮೇಲೆ ಬೀಡಿ ಸೇದುತ್ತ ಕುಳಿತಿದ್ದ ತಂಕಪ್ಪಣ್ಣ ಒಬ್ಬರೇ. ಅವರನ್ನು ನಾನು ಮಾತಾಡಿಸಲಿಲ್ಲ. ನೀವು ನಂಬಬೇಕು, ಅವರು ಅಲ್ಲಿ ಕೆಲಸ ಮಾಡುತ್ತಿದ್ದಾರೆಂದು ನನಗೆ ಹೊಳೆಯಲೇ ಇಲ್ಲ. ಗಾಳಿಗೆ ಕುಳಿತ ಮುದುಕ ಅಂದುಕೊಂಡೆ.

ಆಗ ನನ್ನ ಮನಸ್ಸಿಗೆ ಬಂದದ್ದು ನಮ್ಮೂರಿನ ನಾಗಬನ. ನಮ್ಮ ಕಡೆ ಹುಟ್ಟಿದವರಿಗೆಲ್ಲ ಗೊತ್ತು, ಬನವನ್ನು ಕಾಯುವ ಕ್ರಮ ಎಷ್ಟು ಸರಳವೆಂದು. ಒಳಗೆ ಹೋಗಬಾರದು, ಕತ್ತಿ ತಾಗಿಸಬಾರದು, ಬಿದ್ದ ಕಟ್ಟಿಗೆಯನ್ನೂ ಹೆಕ್ಕಬಾರದು. ವರ್ಷಕ್ಕೊಮ್ಮೆ ಹಾಲೆರೆದು ಹಿಂದೆ ನೋಡದೆ ಬರಬೇಕು. ಮಕ್ಕಳಾಗಿದ್ದಾಗ ಚೆಂಡು ಬನದೊಳಗೆ ಹೋದರೆ ಚೆಂಡೇ ಹೋಯಿತೆಂದು ಲೆಕ್ಕ. ಹೀಗೆ ಮುಟ್ಟದೆ ಬಿಟ್ಟದ್ದರಿಂದಲೇ ಸುತ್ತಲಿನ ಗುಡ್ಡ ಬೋಳಾದರೂ ಬನ ಉಳಿಯಿತು. ಉಳಿಸುವುದೆಂದರೆ ಮುಟ್ಟದಿರುವುದು: ಈ ಒಂದು ತಿಳಿವಳಿಕೆಯನ್ನು ನಾನು ಕಾಸರಗೋಡಿನಿಂದ ಕಟ್ಟಿಕೊಂಡು ಬಂದು, ಬಿಚ್ಚಿಯೂ ನೋಡದೆ, ಆ ಕೆಸರಿಗೆ ತಂದಿಳಿಸಿದೆ.

ಜೊತೆಗೆ ಕಚೇರಿಯ ಅಭ್ಯಾಸವೊಂದು ಸೇರಿತು. ಸರ್ಕಾರದಲ್ಲಿ ಯಾರೂ ಏನನ್ನೂ ಮೊದಲಿನಿಂದ ಬರೆಯುವುದಿಲ್ಲ. ಹಳೆಯ ಕಡತ ತೆಗೆದು, ಸರ್ವೇ ನಂಬರು ಬದಲಿಸಿ, ಊರಿನ ಹೆಸರು ಬದಲಿಸಿ ಹೊಸದು ಮಾಡುತ್ತೇವೆ. ನಾನು ಹುಡುಕಿ ತೆಗೆದ ಹಳೆಯ ಕಡತ ಒಂದು ದೇವರ ಕಾಡಿನದು. ಯಾವುದೇ ವ್ಯಕ್ತಿಯು ಯಾವುದೇ ಉದ್ದೇಶಕ್ಕೆ ಒಳಗೆ ಪ್ರವೇಶಿಸುವುದಾಗಲಿ, ಅಗೆಯುವುದಾಗಲಿ, ಬಿತ್ತುವುದಾಗಲಿ, ಕೊಯ್ಯುವುದಾಗಲಿ, ಯಾವ ಜೀವಿಯನ್ನಾದರೂ ಹಿಡಿಯುವುದಾಗಲಿ ಕೂಡದು ಎಂದು ಅದರಲ್ಲಿತ್ತು. ಇದರಲ್ಲಿ ನೀರಿನ ಸುದ್ದಿ ಬಿಟ್ಟುಹೋಗಿದೆಯಲ್ಲ ಎಂದು ನಾನೇ ಕಂಡುಹಿಡಿದು, ನೀರಿನ ಈಗಿನ ಮಟ್ಟವನ್ನು ಬದಲಿಸುವುದಾಗಲಿ ಎಂದು ನನ್ನ ಕೈಯಾರೆ ಸೇರಿಸಿದೆ. ಸೇರಿಸಿ, ಕನ್ನಡಕ ತೆಗೆದು, ಮತ್ತೊಮ್ಮೆ ಓದಿ ಖುಷಿಪಟ್ಟೆ. ಹಿಡಿಯಬಾರದು ಎಂಬ ಪದ ಬರೆಯುವಾಗ ನನ್ನ ಕೈ ಒಂದು ಕ್ಷಣವೂ ತಡೆಯಲಿಲ್ಲ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದವಳಿಗೆ ಆ ಪದದಿಂದ ಯಾರ ತಟ್ಟೆ ಬರಿದಾಗುತ್ತದೆಂಬುದು ತಿಳಿಯುವುದು ಹೇಗೆ? ಎರಡು ಮಲಯಾಳಿ ಕೈಗಳನ್ನು ದಾಟಿ ಆ ಕಡತ ಮೇಲೆ ಹೋಯಿತು. ಅವರೂ ಓದಿದರು, ಅವರೂ ಸಹಿ ಹಾಕಿದರು. ಇದನ್ನು ಹೇಳಿ ನನ್ನ ಭಾರ ಇಳಿಸಿಕೊಳ್ಳಬಹುದಿತ್ತು. ಇಳಿಯುವುದಿಲ್ಲ.

ಆದೇಶ ಬಂದ ದಿನ ಊರಿನಲ್ಲಿ ಪಾಯಸ ಹಂಚಿದರಂತೆ. ಆಮೇಲೆ ಬೇಲಿ ಬಂತು, ಫಲಕ ಬಂತು. ತೂಬಿನ ಹಲಗೆಗಳನ್ನು ಕಿತ್ತು ಕಬ್ಬಿಣದ ಷಟರು ಕೂರಿಸಿ ಬೀಗ ಹಾಕಿದರು. ನೀರಿನ ಮಟ್ಟ ಬದಲಾಗಕೂಡದಲ್ಲ. ಬೀಗದ ಕೈ ಒಂದು ಕಚೇರಿಗೆ ಹೋಯಿತು.

ಅಲ್ಲಿ ಒಂದು ಪದ್ಧತಿಯಿತ್ತು. ಏಪ್ರಿಲ್ ನಡುವಿನ ವಿಷು ಹಬ್ಬದ ಹೊತ್ತಿಗೆ ಸಿಗಡಿಯ ಗುತ್ತಿಗೆಯ ಅವಧಿ ಮುಗಿಯುತ್ತದೆ. ಮುಗಿದ ದಿನ ಗದ್ದೆ ಇಡೀ ಊರಿಗೆ ತೆರೆದುಕೊಳ್ಳುತ್ತದೆ. ಗದ್ದೆಯ ಒಡೆಯನಿಗೂ ಅಂದು ತಡೆಯುವ ಹಕ್ಕಿಲ್ಲ. ಅಜ್ಜಿಯಂದಿರು, ಮಕ್ಕಳು, ಹೊಸ ಸೊಸೆಯಂದಿರು, ಯಾರು ಬೇಕಾದರೂ ಬುಟ್ಟಿ ಹಿಡಿದು ಇಳಿದು, ಕಾಲಿನಿಂದ ಕೈಯಿಂದ ಕೆಸರು ಕಲಕಿ, ಉಳಿದ ಮೀನು ಸಿಗಡಿಗಳನ್ನು ಬಾಚಿಕೊಳ್ಳಬಹುದು. ಕಲಕ್ಕಲ್ ಎನ್ನುತ್ತಾರೆ, ಕಲಕುವ ಹಬ್ಬ. ಅದು ಬರಿಯ ಆಟವಲ್ಲವೆಂದು ಬಹಳ ತಡವಾಗಿ ನನಗೆ ತಿಳಿಯಿತು. ಊರಿನ ಅಷ್ಟೂ ಕಾಲುಗಳು ಒಂದು ದಿನ ತುಳಿಯುವುದರಿಂದಲೇ ಆ ಕೆಸರು ಉಸಿರಾಡುತ್ತದೆ, ಬತ್ತಕ್ಕೆ ಹದವಾಗುತ್ತದೆ. ಆದೇಶ ಬಂದ ಮೊದಲ ವಿಷುವಿನಲ್ಲೂ ಅವರು ಎಂದಿನಂತೆ ಬುಟ್ಟಿ ಹಿಡಿದು ಬಂದರು. ಅವರ ಗದ್ದೆ, ಅವರು ಭವನ ಬಿಟ್ಟು ಕೊಂಡ ಗದ್ದೆ. ಬೇಲಿಯ ಸಂದಿನಿಂದ ನುಗ್ಗಿ ಇಳಿದವರ ಮೇಲೆ ಅತಿಕ್ರಮ ಪ್ರವೇಶದ ಕೇಸಾಯಿತು. ಮೊದಲ ಹೆಸರು ಫಿಲೋಮಿನ ಚೇಚ್ಚಿಯದು. ಬಯಲನ್ನು ಉಳಿಸಿದವರೆಂದು ಆಕೆಯ ಹೆಸರಿರುವ ಫಲಕದ ಎದುರಿಗೇ ಆಕೆಯನ್ನು ನಿಲ್ಲಿಸಿ ವಿಳಾಸ ಬರೆದುಕೊಂಡರು. ಆ ಕೇಸು ಇನ್ನೂ ಮುಗಿದಿಲ್ಲ.

ನಾನು ಆಗ ನಿವೃತ್ತಳಾಗಿ ವೈಟ್ಟಿಲದ ಬಾಲ್ಕನಿಯಲ್ಲಿ ಬಸಳೆ ಬೆಳೆಸುತ್ತಿದ್ದೆ. ಒಂದು ಬೆಳಗ್ಗೆ ಸೆಕ್ಯುರಿಟಿಯವನು ಫೋನು ಮಾಡಿ, ಯಾರೋ ಇಬ್ಬರು ಬಂದಿದ್ದಾರೆ ಎಂದ. ತಂಕಪ್ಪಣ್ಣ ಮತ್ತು ಫಿಲೋಮಿನ ಚೇಚ್ಚಿ. ಯಾರೋ ಅವರಿಗೆ ಆದೇಶ ಬರೆದವಳ ಹೆಸರು ಹೇಳಿದ್ದರು. ಬೈಯಲು ಬಂದಿದ್ದಾರೆಂದು ಹೆದರಿದೆ. ಅವರು ಸಹಾಯ ಕೇಳಲು ಬಂದಿದ್ದರು. ಅವರಾಡಿದ್ದು ಮಲಯಾಳ, ನನ್ನ ಕಿವಿಗೆ ಅದು ಇಳಿಯುವುದು ನಮ್ಮೂರ ಕನ್ನಡವಾಗಿಯೇ. ಹಾಗೆಯೇ ಬರೆಯುತ್ತೇನೆ.

"ಸಾರ್, ನಿಮಗೆ ಬರೀಲಿಕ್ಕೆ ಗೊತ್ತುಂಟು" ಎಂದರು ತಂಕಪ್ಪಣ್ಣ. ಹೆಂಗಸಾದರೂ ಅಧಿಕಾರಿಯೆಂದರೆ ಇಲ್ಲಿ ಸಾರ್ ಎನ್ನುವುದೇ ರೂಢಿ. "ಬೀಗ ತೆಗೀಬೇಕು ಅಂತ ಒಂದು ಕಾಗದ ಬರೀರಿ. ಮಳೆಗೆ ಮೊದಲು ಉಪ್ಪುನೀರು ಹೊರಗೆ ಹೋಗದಿದ್ರೆ ಈ ವರ್ಷ ಬಿತ್ಲಿಕ್ಕಿಲ್ಲ."

"ಮುಂದಿನ ವರ್ಷ ಬಿತ್ತಬಹುದಲ್ಲ?" ಎಂದೆ. ಸರ್ಕಾರದಲ್ಲಿ ಇದ್ದವರ ಮಾತು.

ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಬೀಜ ಕಾಯೂದಿಲ್ಲ, ಸಾರ್. ಒಂದು ಮಳೆಯಿಂದ ಇನ್ನೊಂದು ಮಳೆಗೆ ಅಷ್ಟೇ ಅದರ ಜೀವ. ಅಪ್ಪನ ಕಾಲದಿಂದ ಒಂದು ವರ್ಷವೂ ತಪ್ಪಿಸಲಿಲ್ಲ ಅಂತ ಇಷ್ಟು ದಿನ ಉಳಿದದ್ದು."

ಆ ಗದ್ದೆಯ ಬೀಜ ಉಳಿದಿದ್ದದ್ದು ಅವರ ಮನೆಯ ಅಟ್ಟದ ಮೇಲೆ, ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿಯಷ್ಟು. ಅದು ಸತ್ತರೆ ಆ ಗದ್ದೆಯೇ ಸತ್ತಂತೆ. ಅಂದಿನಿಂದ ನನಗೂ ಆ ಮುಡಿಯ ಚಿಂತೆ ಹತ್ತಿತು. ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆ. ಅಷ್ಟು ವರ್ಷ ತಲೆಯೆತ್ತಿ ಒಳಗೆ ಹೋಗುತ್ತಿದ್ದ ಬಾಗಿಲಲ್ಲಿ ಈಗ ಸಂದರ್ಶಕರ ಚೀಟಿಗೆ ಸರದಿಯಲ್ಲಿ ನಿಂತು, ನನ್ನ ಕುರ್ಚಿಯಲ್ಲಿ ಕುಳಿತಿದ್ದ ನನ್ನದೇ ಶಿಷ್ಯನನ್ನು ಕಂಡೆ. ಅವನು ಎದ್ದು ನಿಂತು ಚಹಾ ತರಿಸಿದ, ಕಡತ ತರಿಸಿದ, ಆ ಪ್ಯಾರಾವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟ.

"ಸಾರ್, ಈ ಕೆಲಸ ನೀವೇ ನನಗೆ ಕಲಿಸಿದ್ದು. ಇದರಲ್ಲಿ ಎಲ್ಲಿಂದ ಒಳಗೆ ಹೋಗಲಿ, ನೀವೇ ಹೇಳಿ."

ಓದಿದೆ. ಮತ್ತೆ ಓದಿದೆ. ಎಲ್ಲಿಂದಲೂ ಆಗುತ್ತಿರಲಿಲ್ಲ. ಮೂವತ್ತು ವರ್ಷ ನಾನು ಸೋರದ ಹಾಗೆ ಬರೆಯಲು ಕಲಿತದ್ದು ಒಂದು ತೂಬಿನ ಮೇಲೆ ಪ್ರಯೋಗವಾಗಿತ್ತು. ತೂಬಿಗೆ ಸೋರುವುದೇ ಕೆಲಸವೆಂದು ನನಗೆ ಯಾರು ಹೇಳಬೇಕಿತ್ತು? ಬೀಡಿ ಸೇದುತ್ತ ಕುಳಿತಿದ್ದವರನ್ನು ಕೇಳಿದ್ದರೆ ಹೇಳುತ್ತಿದ್ದರು.

ತಿದ್ದುಪಡಿಯೇ ಆಗಬೇಕು, ಕರಡು ನೀವೇ ಬರೆದುಕೊಟ್ಟರೆ ಬೇಗ ಕಳುಹಿಸುತ್ತೇನೆ ಎಂದ ಹುಡುಗ. ಅವತ್ತು ಮಧ್ಯಾಹ್ನ ಚಾಲೈಯ ಒಂದು ಚಹಾದಂಗಡಿಯ ಮೂಲೆಯಲ್ಲಿ ಕುಳಿತು, ಹೊರಗೆ ಕೈಗಾಡಿಗಳು ಬಾಳೆಗೊನೆ ಹೊತ್ತು ಕಿರುಚಾಡುತ್ತಿರಲು, ನಾನು ಕರಡು ಬರೆದೆ. ತೂಬು ತೆರೆಯಬಹುದು, ಪಾರಂಪರಿಕ ರೀತಿಯಲ್ಲಿ ಬತ್ತ ಬೆಳೆಯಬಹುದು, ಕಲಕ್ಕಲ್ ನಡೆಸಬಹುದು. ಬರೆದು ಮುಗಿಸಿ ಏಳಬೇಕಿತ್ತು. ಆದರೆ ಹಳೆಯ ಚಾಳಿ ಬಿಡಬೇಕಲ್ಲ. ಈ ಬಾಗಿಲಿನಿಂದ ನಾಳೆ ಯಾವುದೋ ಕಂಪನಿ ತನ್ನ ಬೀಜ ತಂದು ಸುರಿದರೆ, ಬತ್ತದ ಹೆಸರಿನಲ್ಲಿ ಇನ್ನೇನೋ ಶುರುಮಾಡಿದರೆ ಎಂದು ಅನುಮಾನವಾಯಿತು. ಆದ್ದರಿಂದ ಇನ್ನೊಂದು ಸಾಲು ಸೇರಿಸಿದೆ: ಸದರಿ ಗದ್ದೆಯಿಂದಲೇ ಉಳಿಸಿಕೊಂಡ ಬೀಜವನ್ನಲ್ಲದೆ ಬೇರೆ ಬೀಜ ಬಿತ್ತಕೂಡದು. ಬರೆದಾಗ ನನ್ನ ಕಣ್ಣ ಮುಂದಿದ್ದದ್ದು ತಂಕಪ್ಪಣ್ಣನ ಮುಡಿ. ಅವರ ಬೀಜಕ್ಕೆ ನಾನು ಕೊಡುತ್ತಿದ್ದ ಗೌರವ ಅದು ಎಂದೇ ತಿಳಿದಿದ್ದೆ.

ಆಮೇಲೆ ಕಡತ ನಡೆಯಿತು. ಕಡತಗಳು ಹೇಗೆ ನಡೆಯುತ್ತವೆಂದು ನನಗೆ ಗೊತ್ತಿಲ್ಲವೇ? ನಾನೇ ಎಷ್ಟನ್ನು ಮೇಜಿನ ಬಲಗಡೆಯಿಂದ ಎಡಗಡೆಗೆ ಇಟ್ಟು ಊಟಕ್ಕೆ ಹೋಗಿಲ್ಲ! ಒಂದು ಮಳೆಗಾಲ ಹೋಯಿತು. ತಂಕಪ್ಪಣ್ಣ ಮನೆಯ ಹಿತ್ತಿಲಲ್ಲಿ ಎರಡು ಹಿಡಿ ಬಿತ್ತಿ ನೋಡಿದರು. ಸಿಹಿನೀರಿನಲ್ಲಿ ಅದು ಎತ್ತರಕ್ಕೆ ಬೆಳೆದು ಮಕಾಡೆ ಬಿತ್ತು, ತೆನೆಯಲ್ಲಿ ಬರೀ ಜೊಳ್ಳು. ನಾನು ಮತ್ತೆ ರೈಲು ಹತ್ತಿದೆ, ಮತ್ತೆ ಚೀಟಿಗೆ ನಿಂತೆ. ಶಿಷ್ಯನಿಗೆ ವರ್ಗವಾಗಿತ್ತು. ಎರಡನೆಯ ಮಳೆಗಾಲವೂ ಹೋಯಿತು. ಹೋದಾಗಲೆಲ್ಲ ಆ ಊರಿಗೂ ಹೋಗಿ ಬರುತ್ತಿದ್ದೆ. ಬೀಗ ಹಾಕಿದ ಗದ್ದೆಯಲ್ಲಿ ನೀರು ಕಪ್ಪಾಗಿ, ಅದರ ಮೇಲೆ ಪಾಚಿ, ಪಾಚಿಯ ಮೇಲೆ ಸೊಳ್ಳೆ. ಕೊಕ್ಕರೆಗಳು ಬರುವುದನ್ನು ನಿಲ್ಲಿಸಿದ್ದವು. ಯಾರಿಗಾಗಿ ಮನುಷ್ಯರನ್ನು ಹೊರಗಿಟ್ಟೆನೋ ಅವು ಮನುಷ್ಯರ ಹಿಂದೆಯೇ ಹೊರಟುಹೋಗಿದ್ದವು. "ವಿಲ್ಲಾ ಬಂದಿದ್ರೆ ಬೈಲಿಕ್ಕೆ ಯಾರಾದ್ರೂ ಇರ್ತಿದ್ರು" ಎಂದರು ಫಿಲೋಮಿನ ಚೇಚ್ಚಿ, ಮೀನಿನ ಬುಟ್ಟಿಯನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಿಸುತ್ತ. "ಈಗ ಯಾರಿಗೆ ಬೈಯೂದು?" ನಾನು ಪಕ್ಕದಲ್ಲೇ ನಿಂತಿದ್ದೆ.

ಮೂರನೆಯ ಮಳೆಗೆ ತಿಂಗಳಿರುವಾಗ ತಿದ್ದುಪಡಿ ಬಂತು. ನನ್ನ ಕರಡು, ಅಕ್ಷರ ಬದಲಾಗದೆ. ಬೀಗ ತೆಗೆದರು, ತುಕ್ಕು ಹಿಡಿದ ಷಟರನ್ನು ನಾಲ್ಕು ಮಂದಿ ಎಳೆದು ಮೊಣಕಾಲೆತ್ತರ ಎತ್ತಿದರು. ತಂಕಪ್ಪಣ್ಣ ಅಟ್ಟದಿಂದ ಬೀಜ ಇಳಿಸಿ, ಒಂದಷ್ಟನ್ನು ತೆಂಗಿನ ಗರಿಯ ಬುಟ್ಟಿಗೆ ತುಂಬಿ, ಕೆರೆಯಲ್ಲಿ ನೆನೆಸಿ, ಎತ್ತಿ, ಎಲೆ ಮುಚ್ಚಿ ಕಲ್ಲು ಹೇರಿಟ್ಟರು. ಮೊಳಕೆ ನೋಡಲು ನನ್ನನ್ನೂ ಕರೆದರು. ವೈಟ್ಟಿಲ ಹಬ್‌ನಿಂದ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ, ನಾನು ಹರಕೆ ಹೊರುವವಳಲ್ಲ, ಅವತ್ತು ನಮ್ಮೂರ ನಾಗನಿಗೆ ಹಾಲು ಹೇಳಿಕೊಂಡೆ.

ಕಲ್ಲು ತೆಗೆದರು. ಎಲೆ ಸರಿಸಿದರು. ಬುಟ್ಟಿಯಿಂದ ಬರಬೇಕಿದ್ದದ್ದು ಬೆಚ್ಚನೆಯ ಸಿಹಿ ವಾಸನೆ. ಬಂದದ್ದು ಹುಳಿ ವಾಸನೆ. ತಂಕಪ್ಪಣ್ಣ ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ಇಳಿಸಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದರು. ಒಂದೊಂದೇ ಕಾಳನ್ನು ಬೆರಳಿನಿಂದ ಹೊರಳಿಸಿ ನೋಡಿದರು. ಇನ್ನೊಂದು ಹಿಡಿ ತೆಗೆದರು. ಬಹಳ ಹೊತ್ತು ಹಾಗೆ ಹುಡುಕಿದರು. ಒಂದೂ ಬಿರಿದಿರಲಿಲ್ಲ.

"ಹೋಗ್ಲಿ ಬಿಡಿ ಚೇಟ್ಟಾ" ಎಂದರು ಫಿಲೋಮಿನ ಚೇಚ್ಚಿ. "ಹಿನ್ನೀರಿನ ಬಡಗು ಬದಿಯಲ್ಲಿ ಇನ್ನೂ ಕೆಲವರು ಪೊಕ್ಕಾಳಿ ಮಾಡ್ತಾರೆ. ನಾಳೆಯೇ ದೋಣಿಯಲ್ಲಿ ಹೋಗಿ ಬೀಜ ತರುವ. ನಮ್ಮದೇ ಅಲ್ಲದಿದ್ರೂ ಜಾತಿ ಅದೇ ಅಲ್ವಾ."

ನಾನು ಸುಮ್ಮನಿರಬಹುದಿತ್ತು. ಈಗ ಬೇಲಿಗೆ ಕಾವಲಿದೆ, ಬಿತ್ತುವ ಮೊದಲು ಬೀಜ ಎಲ್ಲಿಯದೆಂದು ಬರೆದು ಕೊಡಬೇಕು. ಆಕೆಯ ಮೇಲೆ ಒಂದು ಕೇಸು ಈಗಾಗಲೇ ಇದೆ. ಹೇಳಲೇಬೇಕಾಯಿತು. ಬೇರೆ ಬೀಜ ಬಿತ್ತುವ ಹಾಗಿಲ್ಲವೆಂದು ಆದೇಶದಲ್ಲಿದೆ ಎಂದೆ.

"ಯಾರು ಬರೆದದ್ದು ಅದನ್ನು?"

"ನಾನು."

ಫಿಲೋಮಿನ ಚೇಚ್ಚಿ ಬೈದಿದ್ದರೆ ನಾನು ಅವತ್ತು ಬದುಕಿಕೊಳ್ಳುತ್ತಿದ್ದೆ. ಸೆರಗಿನಿಂದ ಕೈ ಒರೆಸಿಕೊಂಡು, ಬುಟ್ಟಿ ಎತ್ತಿಕೊಂಡು, ಮಾರುಕಟ್ಟೆಗೆ ಹೊತ್ತಾಯಿತೆಂದು ಹೊರಟುಹೋದರು.

ಒಂದು ವಾರ ಬಿಟ್ಟು ತಂಕಪ್ಪಣ್ಣ ಒಬ್ಬರೇ ನಮ್ಮ ಫ್ಲಾಟಿಗೆ ಬಂದರು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಬಟ್ಟೆಯ ಚೀಲ. ಹಲಗೆಗಳನ್ನು ಕಿತ್ತು ಎಸೆದಾಗ ಇದೊಂದನ್ನು ಎತ್ತಿಟ್ಟುಕೊಂಡಿದ್ದರಂತೆ. "ಮಳೆಗೆ ಮೊದಲು ಇದು ಬೆವರ್ತದೆ, ಸಾರ್. ಇದು ಬೆವರಿದ್ರೆ ಇದನ್ನು ಎತ್ತಬೇಕು, ಉಪ್ಪು ಹೊರಗೆ ಹೋಗ್ತದೆ. ನಾನು ಪಂಚಾಂಗ ನೋಡಿದ್ದೇ ಇಲ್ಲ." ನನಗೆ ಯಾಕೆ ತಂದಿರಿ ಎಂದು ಕೇಳಿದೆ. ತನ್ನ ಮನೆಯಲ್ಲಿದ್ದರೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ ಎಂದರು. ಚೀಲವನ್ನು ನನ್ನ ಕಡೆ ಸರಿಸಿದರು. ಅಟ್ಟದಲ್ಲಿ ಉಳಿದಿದ್ದ ಬೀಜವನ್ನು ಬೇಯಿಸಿ ಒಣಗಿಸಿ ಗಿರಣಿಗೆ ಹಾಕಿಸಿದ್ದರು. ಸುತ್ತಲಿನ ಮನೆಗಳಿಗೆಲ್ಲ ಹಂಚಿ, ನನ್ನ ಪಾಲನ್ನು ತಂದಿದ್ದರು.

"ಇನ್ನು ಇದು ಬೀಜ ಅಲ್ಲ, ಅಕ್ಕಿ. ಊಟ ಮಾಡಿ."

ಅವರ ಸ್ವರದಲ್ಲಿ ಕುಹಕವಿರಲಿಲ್ಲ. ಚಹಾ ಕುಡಿದು, ಲಿಫ್ಟಿನ ಗುಂಡಿ ಯಾವುದೆಂದು ಕೇಳಿಕೊಂಡು ಹೋದರು. ಬೇರೆ ಬೀಜಕ್ಕೆ ಅನುಮತಿ ಕೋರಿ ಇನ್ನೊಂದು ತಿದ್ದುಪಡಿಗೆ ಅರ್ಜಿ ಹೋಗಿದೆಯೆಂದು ಆಮೇಲೆ ಕೇಳಿದೆ. ಅದರ ಕರಡು ಬರೆಯಲು ನನ್ನನ್ನು ಕರೆಯಲಿಲ್ಲ. ಒಳ್ಳೆಯದೇ ಆಯಿತು. ಆ ತಿದ್ದುಪಡಿ ಬಂದರೂ, ನೀರಿನ ಹೊತ್ತು ಬಲ್ಲವರು ಆಗ ಯಾರಿರುತ್ತಾರೋ; ತಂಕಪ್ಪಣ್ಣನ ಕಣ್ಣಿಗೆ ಪೊರೆ ಬಂದಿದೆ, ಅವರ ಹಿಂದೆ ಅದನ್ನು ಕಲಿತವರಿಲ್ಲ. ನನಗೆ ಈಗ ಯಾವ ಭರವಸೆಯೂ ಇಲ್ಲ. ಕೆಟ್ಟವರಿಂದ ಕೆಟ್ಟದ್ದಕ್ಕೆ ಎದುರು ನಿಲ್ಲಬಹುದು, ಆ ಊರು ನಿಂತು ತೋರಿಸಿತು. ನನ್ನಂಥ ಒಳ್ಳೆಯವರಿಂದ ಬಿಡಿಸಿಕೊಳ್ಳುವುದು ಹೇಗೆಂದು ಯಾವ ಗ್ರಾಮಸಭೆಗೂ ತಿಳಿದಂತಿಲ್ಲ.

ಆ ಅಕ್ಕಿಯನ್ನು ಚಾಲೈಯ ಡಬ್ಬಕ್ಕೆ ಸುರಿದು, ಡಬ್ಬವನ್ನು ಹಲಗೆಯ ಮೇಲಿಟ್ಟು, ಎರಡು ಮೂರು ವರ್ಷ ಮುಟ್ಟಲಿಲ್ಲ. ದಿನದ ಅಕ್ಕಿ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿರುತ್ತಿತ್ತು. ಮುಟ್ಟದೆ ಇಟ್ಟರೆ ಉಳಿಯುತ್ತದೆಂಬ ಬನದ ಬುದ್ಧಿ, ನೋಡಿ, ಆಗಲೂ ಬಿಟ್ಟಿರಲಿಲ್ಲ. ಈ ಸಲ ಮೇ ತಿಂಗಳ ಕೊನೆಯಲ್ಲಿ ಡಬ್ಬ ತೆರೆದರೆ ಅಂಚಿನಲ್ಲಿ ನಾಲ್ಕಾರು ಹುಳ ಓಡಾಡುತ್ತಿದ್ದವು. ಇದನ್ನೂ ಕೈಬಿಟ್ಟರೆ ನನ್ನಂಥ ಪಾಪಿ ಇನ್ನೊಬ್ಬಳಿಲ್ಲವೆನಿಸಿ, ಅಷ್ಟನ್ನೂ ಗೆರಸೆಯಲ್ಲಿ ಕೇರಿ, ಒಂದು ಹಿಡಿಯೂ ಉಳಿಸದೆ ಅಕ್ಕಪಕ್ಕದ ಫ್ಲಾಟುಗಳಿಗೆ ಹಂಚಿ, ನಮ್ಮ ಪಾಲಿಗೆ ಗಂಜಿ ಬೇಯಿಸಿದೆ. ಹಳೆಯ ಅಕ್ಕಿ ಬೇಯಲು ಹೊತ್ತು ಹಿಡಿಯಿತು. ಕೆಂಪು ಗಂಜಿ, ಮೇಲೊಂದು ಚಮಚ ತುಪ್ಪ, ಬದಿಗೆ ಮಾವಿನಮಿಡಿ. ಯಜಮಾನರು ಮೊದಲ ತುತ್ತು ಉಂಡು ತಲೆಯೆತ್ತಿದರು.

"ಎಂಥ ಒಳ್ಳೆ ಅಕ್ಕಿ ಇದು! ನಮ್ಮ ಅಜ್ಜನ ಮನೆಯಲ್ಲಿ ಉಂಡ ಹಾಗೆ ಉಂಟು. ಎಲ್ಲಿಂದ ತಂದದ್ದು? ಇನ್ನು ಇದನ್ನೇ ತರುವ ಆಯ್ತ?"

ನಾನೂ ಉಂಡೆ. ಅವರು ಹೇಳಿದ್ದು ಸರಿಯಾಗಿತ್ತು. ಅಷ್ಟು ರುಚಿಯ ಅನ್ನವನ್ನು ನಾನು ಈ ಊರಿನಲ್ಲಿ ಉಂಡದ್ದಿಲ್ಲ. ಬಡಿಸಿಕೊಂಡದ್ದನ್ನು ಪೂರ್ತಿ ಉಂಡೆ, ತೆಳಿಯನ್ನೂ ಕುಡಿದೆ, ತಟ್ಟೆ ತೊಳೆದಿಟ್ಟೆ.

ಬರಿದಾದ ಡಬ್ಬವನ್ನು ಬಿಸಿಲಿಗಿಡಲೆಂದು ಎತ್ತಿದಾಗ ಹಲಗೆ ಬೆವರಿತ್ತು. ಒರೆಸಲು ಬಟ್ಟೆ ತಂದವಳು ನಿಂತುಕೊಂಡೆ. ಇದು ಬೆವರಿದರೆ ಇದನ್ನು ಎತ್ತಬೇಕು ಎಂದಿದ್ದರಲ್ಲ. ಮೂರು ಗೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಸೊಂಟ ಬಗ್ಗಿಸಿ, ಹಲಗೆಯನ್ನು ಎತ್ತಿದೆ. ಅಡಿಯಲ್ಲಿ ಒದ್ದೆ ಟೈಲ್ಸ್ ಇತ್ತು.